ಗಾಜಿನಕ್ಕನ ಕೊನೆಯ ಕೊಳವೆ

ಗಂಡ ಹೆಂಡತಿ ಒಂದೇ ಕಡೆ ಕೆಲಸ ಮಾಡಬಾರದು ಎನ್ನುವವರಿದ್ದಾರೆ. ಮನೆಯ ಜಗಳ ಕೆಲಸಕ್ಕೆ ಬರುತ್ತದೆ, ಕೆಲಸದ ಜಗಳ ಮನೆಗೆ ಹೋಗುತ್ತದೆ ಎಂಬುದು ಅವರ ವಾದ. ಕುಲುಮೆಯಣ್ಣ ಮತ್ತು ಗಾಜಿನಕ್ಕನ ವಿಷಯದಲ್ಲಿ ಜಗಳಕ್ಕೆ ಅಷ್ಟು ದೂರ ನಡೆಯುವ ತಾಪತ್ರಯವೇ ಇರಲಿಲ್ಲ. ಇಬ್ಬರ ನಡುವೆ ಇದ್ದದ್ದು ಒಂದು ತೆಳ್ಳನೆಯ ಗೋಡೆ. ಆ ಕಡೆ ಅವಳು ಗಾಜಿನ ಕೊಳವೆ ಮುಚ್ಚುತ್ತಿದ್ದಳು, ಈ ಕಡೆ ಅವನು ಅದನ್ನು ಸುತ್ತಿಗೆಯಿಂದ ಒಡೆಯುತ್ತಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇವರಿಬ್ಬರನ್ನು ನೋಡಿಯೇ ಹುಟ್ಟಿದ್ದು ಎಂದು ಅಲ್ಲಿಯವರೆಲ್ಲ ತಮಾಷೆ ಮಾಡುತ್ತಿದ್ದರು.

ಅದು ಲೋಹಗಳ ಬಗ್ಗೆ ಸಂಶೋಧನೆ ನಡೆಯುವ ಸಂಸ್ಥೆ. ಮುಂಭಾಗದಲ್ಲಿ ದೊಡ್ಡ ಯಂತ್ರಗಳೂ ಅದಕ್ಕಿಂತ ದೊಡ್ಡ ಹುದ್ದೆಯ ಜನರೂ ಇದ್ದರು. ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ಜಾಗ ದಾಟಿದರೆ, ಈ ಎರಡು ಕೋಣೆ. ಹೊಸ ಮಿಶ್ರಲೋಹ ಬೇಕೆಂದು ಯಾರಾದರೂ ಬಂದರೆ ಕುಲುಮೆಯಣ್ಣ ಅವರ ಲೋಹದ ಚೂರುಗಳನ್ನು ಒಟ್ಟಿಗೆ ಕರಗಿಸಿ ಕಡಲೆಕಾಳಿನಷ್ಟು ಗುಂಡು ಮಾಡಿಕೊಡುತ್ತಿದ್ದ. ಆ ಗುಂಡು ಗೋಡೆಯಾಚೆ ಹೋಗಿ, ಬೆರಳು ಗಾತ್ರದ ಕ್ವಾರ್ಟ್ಜ್ ಗಾಜಿನ ಕೊಳವೆಯೊಳಗೆ ಸೇರುತ್ತಿತ್ತು. ಗಾಜಿನಕ್ಕ ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆಸಿ, ಕಣ್ಣು ಕುಕ್ಕುವ ಉರಿಯಲ್ಲಿ ಕೊಳವೆಯ ಕುತ್ತಿಗೆಯನ್ನು ಮೆತ್ತಗೆ ಮಾಡಿ ಮುಚ್ಚಿಬಿಡುತ್ತಿದ್ದಳು. ಗಾಳಿ ಉಳಿದರೆ ಕಾವಿಗೆ ಲೋಹ ಸುಟ್ಟು ಮಸಿಯಾಗುತ್ತದೆ. ಮುಚ್ಚಿದ ಕೊಳವೆ ಮತ್ತೆ ಈ ಕಡೆ ಬಂದು, ವಾರವಿಡೀ ಎಂಟುನೂರು ಡಿಗ್ರಿ ಕಾವಿನ ಕುಲುಮೆಯಲ್ಲಿ ಕೂರುತ್ತಿತ್ತು. ಆಮೇಲೆ ಅದನ್ನು ನಿಗಿನಿಗಿ ಎನ್ನುವಾಗಲೇ ಹೊರಗೆಳೆದು, ಮಂಜುಗಡ್ಡೆ ಹಾಕಿದ ಬಕೆಟ್ಟಿನಲ್ಲಿ ಮುಳುಗಿಸಿ ಒಡೆಯಬೇಕು. ಸಾಧಾರಣ ಗಾಜಾಗಿದ್ದರೆ ತಣ್ಣೀರು ಸೋಕಿದೊಡನೆ ತಾನೇ ಬಿರಿಯುತ್ತಿತ್ತು. ಕ್ವಾರ್ಟ್ಜ್ ಬೆಂಕಿಗೂ ಜಗ್ಗದು, ನೀರಿಗೂ ಜಗ್ಗದು. ಸುತ್ತಿಗೆಯನ್ನೇ ಎತ್ತಬೇಕು, ಅದೂ ಮುಳುಗಿಸಿದ ಕ್ಷಣದಲ್ಲೇ. ಮೀನಮೇಷ ಎಣಿಸುತ್ತ ನಿಂತರೆ ಒಳಗಿನ ಲೋಹ ನಿಧಾನವಾಗಿ ತಣಿದು ಕೆಟ್ಟುಹೋಗುತ್ತದೆ.

ಕೊಳವೆ ‘ಟಪ್’ ಎಂದು ಒಡೆದ ಸದ್ದು ಗೋಡೆ ದಾಟಿದೊಡನೆ ಆ ಕಡೆಯಿಂದ ದನಿ ಬರುತ್ತಿತ್ತು.

“ರೀ, ಬಕೆಟ್‌ಗೆ ಕೈ ಹಾಕ್ಬೇಡಿ.”

ನೀರಿನಲ್ಲಿ ಬಿದ್ದ ಕ್ವಾರ್ಟ್ಜ್ ಚೂರು ಕಣ್ಣಿಗೆ ಕಾಣುವುದಿಲ್ಲ. ಮದುವೆಯಾದ ಹೊಸದರಲ್ಲಿ ಅವನು ಅವಸರಕ್ಕೆ ಕೈ ಹಾಕಿ ಅಂಗೈ ಸೀಳಿಕೊಂಡು, ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದಿದ್ದ. ಅವತ್ತಿನಿಂದ ಪ್ರತಿ ಏಟಿಗೂ ಇದೊಂದು ಮಾತು, ತಪ್ಪಿದ್ದೇ ಇಲ್ಲ. ಒಮ್ಮೆ ಸಂಸ್ಥೆಯ ನಿರ್ದೇಶಕರೇ ಕುಲುಮೆ ನೋಡಲು ಬಂದು ಬಕೆಟ್ಟಿನ ಪಕ್ಕ ನಿಂತಿದ್ದರು. ಗೋಡೆಯಾಚೆಯ ದನಿ ಕೇಳಿ ಬೆಚ್ಚಿಬಿದ್ದು ಎರಡೂ ಕೈ ಜೇಬಿಗೆ ಹಾಕಿಕೊಂಡವರು ಹೊರಡುವವರೆಗೆ ತೆಗೆಯಲಿಲ್ಲ. ಕುಲುಮೆಯಣ್ಣ ಮಾತ್ರ ಒಂದು ದಿನವೂ ಆ ಮಾತಿಗೆ ಹೂಂ ಅಂದವನಲ್ಲ. ಹೂಂ ಅನ್ನದೆ ಸುಮ್ಮನೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಗಂಡಸರ ಒಪ್ಪಿಗೆ ಬಹಳ ಸಲ ಹೀಗೇ ಇರುತ್ತದೆ.

ಅವನು ಕಮ್ಮಾರನ ಮಗ. ಅಪ್ಪನ ತಿದಿಯ ಮುಂದೆ ಬೆಳೆದವನಿಗೆ ಕಬ್ಬಿಣ ಕೆಂಪಾಗಿದೆಯೋ ಕಿತ್ತಳೆಯಾಗಿದೆಯೋ ಎಂದು ನೋಡುವುದು ಹಾಲು ಉಕ್ಕಿತೇ ಎಂದು ನೋಡುವಷ್ಟು ಸಲೀಸು. ಸಂಸ್ಥೆಗೆ ಸೇರಿದ ಮೊದಲ ವರ್ಷ ಅವನಿಗೆ ಹುಬ್ಬೇ ಇರಲಿಲ್ಲ. ಆಗಿನ ಕೊಳವೆಗಳಿಗೆ ತುದಿ ಸುಮ್ಮನೆ ಚೂಪಾಗಿ ಮುಗಿದಿರುತ್ತಿತ್ತು. ಇಕ್ಕಳ ಹಿಡಿದು ಕುಲುಮೆಯ ಬಾಯಿಗೆ ಮುಖ ಒಡ್ಡಿ ಎಳೆಯಬೇಕು. ಎಳೆದಾಗಲೆಲ್ಲ ಹುಬ್ಬು ಸುಟ್ಟು ಕರಕಲಾಗುತ್ತಿತ್ತು. ಗಾಜಿನ ಕೆಲಸಕ್ಕೆ ಹೊಸದಾಗಿ ಬಂದ ಹುಡುಗಿ ಕ್ಯಾಂಟೀನಿನಲ್ಲಿ ಅವನ ಮುಖ ನೋಡಿ ಲೋಟದೊಳಗೇ ನಕ್ಕಳು, ಚಹಾ ಮೂಗಿಗೆ ಹತ್ತಿತು. ಏನಾಯಿತು ಎಂದು ಕೇಳಿ ತಿಳಿದುಕೊಂಡಳು. ಮುಂದಿನ ವಾರ ಬಂದ ಕೊಳವೆಯ ತುದಿ ಎಡಕ್ಕೆ ಬಾಗಿ ಪುಟ್ಟ ಕೊಕ್ಕೆಯಾಗಿತ್ತು. ದೂರದಿಂದಲೇ ಉದ್ದನೆಯ ಸರಳು ಸಿಕ್ಕಿಸಿ ಎಳೆದರೆ ಸಾಕು. ಪ್ರೇಮಪತ್ರ ಬರೆಯುವವರು ಬರೆದುಕೊಳ್ಳಲಿ, ಅವಳು ಕೊಕ್ಕೆ ಮಾಡಿ ಕಳಿಸಿದಳು. ಹುಬ್ಬು ಮತ್ತೆ ಬೆಳೆಯುವಷ್ಟರಲ್ಲಿ ಮದುವೆಯ ಮಾತು ಮುಗಿದಿತ್ತು.

ಅವರ ಮನೆಯಲ್ಲಿ ಗಾಜಿನ ಸಾಮಾನು ಒಂದೂ ಇರಲಿಲ್ಲ. ದಿನವೆಲ್ಲ ಗಾಜಿನ ಜೊತೆ ಏಗಿ ಬಂದವಳಿಗೆ ಮನೆಯಲ್ಲಾದರೂ ಬಿದ್ದರೆ ಸದ್ದು ಮಾಡಿ ಸುಮ್ಮನಾಗುವ ಸಾಮಾನು ಬೇಕಿತ್ತು. ಸ್ಟೀಲಿನ ಲೋಟ, ಸ್ಟೀಲಿನ ತಟ್ಟೆ. ಅವಳ ಕೈಯಿಂದ ಆದದ್ದೆಲ್ಲ ಗಂಡನ ಸುತ್ತಿಗೆಯಲ್ಲಿ ಮುಗಿಯುತ್ತಿತ್ತು, ಅದರ ಬಗ್ಗೆ ಅವಳಿಗೆ ಬೇಸರವೂ ಇರಲಿಲ್ಲ. ಯಾರಾದರೂ ನಿನ್ನ ಕೆಲಸವೇನು ಎಂದರೆ ಅವಳದೊಂದು ಸಿದ್ಧ ಉತ್ತರ.

“ಏನೂ ಇಲ್ಲದ್ದನ್ನ ಗಾಜಿನೊಳಗೆ ಹಾಕಿ ಮುಚ್ಚೋದು. ಇವರ ಕೆಲಸ ಅದನ್ನ ಬಿಡಿಸೋದು. ಇಬ್ಬರಿಗೂ ಸಂಬಳ ಕೊಡ್ತಾರೆ ನೋಡಿ.”

ಒಬ್ಬಳೇ ಮಗಳು ಬೆಳೆದು, ಬೇರೆ ಊರಿನಲ್ಲಿ ಕೆಲಸ ಹಿಡಿದು, ಅಲ್ಲೇ ಮದುವೆಯಾಗಿ, ರಜೆಗೆ ಬಂದು ಹೋಗುತ್ತಿದ್ದಳು. ಹೀಗೆ ವರ್ಷಗಳು ಉರುಳಿದವು. ಇಬ್ಬರಿಗೂ ನಿವೃತ್ತಿ ಹತ್ತಿರ ಬಂದ ಕಾಲಕ್ಕೆ ಅಯಸ್ಕಾಂತದ ಹುಡುಗಿ ಬಂದಳು.

ಸಂಶೋಧನೆ ಮಾಡಲು ಬಂದವಳಿಗೆ ಆ ಹೆಸರು ಇಟ್ಟದ್ದು ಗಾಜಿನಕ್ಕನೇ. ಹುಡುಗಿಯ ಕೋಟಿನ ಜೇಬಿನಲ್ಲಿ ದಾರ ಕಟ್ಟಿದ ಅಯಸ್ಕಾಂತವೊಂದು ಸದಾ ಇರುತ್ತಿತ್ತು. ಅದರ ದೆಸೆಯಿಂದ ಅವಳ ಬ್ಯಾಂಕಿನ ಕಾರ್ಡು, ಬಸ್ಸಿನ ಕಾರ್ಡು ಎಲ್ಲ ಕೆಟ್ಟು ಕೂತಿದ್ದವು. ವಿದ್ಯೆ ಇಷ್ಟು, ವಿವೇಕ ಇಷ್ಟೇ ಎಂದು ಗಾಜಿನಕ್ಕ ಅವಳಿಗೆ ಎಷ್ಟೋ ಸಲ ಬಸ್ಸಿನ ಚಿಲ್ಲರೆ ಕೊಟ್ಟು ಕಳಿಸಿದ್ದಳು.

ಹುಡುಗಿ ಹಿಂದೆ ಬಿದ್ದದ್ದು ಹ್ಯೂಸ್ಲರ್ ಮಿಶ್ರಲೋಹಗಳ. ಅವುಗಳಲ್ಲಿ ಹಳೆಯದು ತಾಮ್ರ, ಮ್ಯಾಂಗನೀಸ್, ಅಲ್ಯೂಮಿನಿಯಂ ಸೇರಿದ್ದು. ಬಿಡಿಬಿಡಿಯಾಗಿ ಈ ಮೂರರಲ್ಲಿ ಯಾವುದಕ್ಕೂ ಅಯಸ್ಕಾಂತದ ಪರಿವೆಯೇ ಇಲ್ಲ. ತಕ್ಕ ಪ್ರಮಾಣದಲ್ಲಿ ಕರಗಿಸಿ, ಪರಮಾಣುಗಳು ತಂತಮ್ಮ ಜಾಗದಲ್ಲಿ ಸಾಲಾಗಿ ಕೂರುವಂತೆ ಮಾಡಿದರೆ ಮಾತ್ರ ಇಡೀ ಗುಂಡು ಹಾರಿ ಹೋಗಿ ಅಯಸ್ಕಾಂತಕ್ಕೆ ಅಂಟುತ್ತದೆ. ಒಂದೊಂದು ಮ್ಯಾಂಗನೀಸ್ ಪರಮಾಣುವೂ ಒಂದು ಪುಟ್ಟ ದಿಕ್ಸೂಚಿ, ನಡುವೆ ಓಡಾಡುವ ಎಲೆಕ್ಟ್ರಾನುಗಳು ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿಸುತ್ತವೆ, ಆಗ ಎಲ್ಲ ಒಂದೇ ಕಡೆ ಮುಖ ಮಾಡುತ್ತವೆ ಎಂದು ಹುಡುಗಿ ಚಹಾ ಕುಡಿಯುತ್ತ ವಿವರಿಸಿದಳು. ಕಾವಿನಿಂದ ತಟ್ಟನೆ ತಣಿಸಿದರೆ ಮಾತ್ರ ಆ ಸಾಲು ಉಳಿಯುತ್ತದೆ. ನಿಧಾನವಾಗಿ ತಣಿಯಲು ಬಿಟ್ಟರೆ ಮೂವರೂ ಜಾಗ ಬಿಟ್ಟು ಎದ್ದು ಬೇರೆ ಬೇರೆ ಗುಂಪು ಕಟ್ಟಿಕೊಳ್ಳುತ್ತಾರೆ, ಗುಂಡು ಬರೀ ಗುಂಡಾಗಿ ಉಳಿಯುತ್ತದೆ. ಹುಡುಗಿ ಈ ಲೋಹದಲ್ಲಿ ಒಂದಿಷ್ಟು ಬದಲಾವಣೆ ಮಾಡಿ, ಕರೆಂಟು ಹರಿಯುವಾಗ ಅದು ಎಷ್ಟು ತಡೆಯುತ್ತದೆ, ಅಯಸ್ಕಾಂತದ ಎದುರು ಆ ತಡೆ ಎಷ್ಟು ಬದಲಾಗುತ್ತದೆ ಎಂದು ಅಳೆಯುತ್ತಿದ್ದಳು.

ಗಾಜಿನಕ್ಕ ಎಲ್ಲ ಕೇಳಿಸಿಕೊಂಡು, “ಇದು ನಮ್ಮನೆ ಕಥೆ ಕಣಮ್ಮಾ. ಇವರು ಒಬ್ಬರೇ ಇದ್ರೆ ಬೆಕ್ಕೂ ಹತ್ರ ಬರಲ್ಲ. ನಾನೂ ಮಗಳೂ ಜೊತೆಗಿದ್ರೆ ಅಕ್ಕಪಕ್ಕದವರೆಲ್ಲ ಬಂದು ಕೂರ್ತಾರೆ” ಅಂದಳು. ಕುಲುಮೆಯಣ್ಣ ಹೂಂ ಅನ್ನಲಿಲ್ಲ. ಅವನಿಗೆ ಆ ಲೋಹದ ಬಗ್ಗೆ ಇದ್ದ ತಕರಾರು ಬೇರೆ. ಕರಗಿಸುವಾಗ ತಾಮ್ರ, ಅಲ್ಯೂಮಿನಿಯಂ ಸುಮ್ಮನಿರುತ್ತವೆ, ಮ್ಯಾಂಗನೀಸ್ ಮಾತ್ರ ಕಾವಿಗೆ ಹಾರಿಹೋಗುತ್ತದೆ. ಅದಕ್ಕೇ ಅದನ್ನು ಮೊದಲೇ ಒಂದು ಚಿಟಿಕೆ ಹೆಚ್ಚಿಗೆ ಹಾಕಬೇಕು.

ಹುಡುಗಿಯ ಕೆಲಸ ಕೊನೆಗೆ ಬಂದಿತ್ತು. ಒಂದೇ ಒಂದು ಗುಂಡು ಬಾಕಿ. ಅಳೆಯುವ ದೊಡ್ಡ ಯಂತ್ರದ ಸರದಿಯೂ ಸಿಕ್ಕಿತ್ತು. ಅದು ತಪ್ಪಿದರೆ ಮತ್ತೆ ಸಿಗುವಷ್ಟರಲ್ಲಿ ಅವಳ ಅವಧಿ ಮುಗಿದು ಊರು ಬಿಡಬೇಕಾಗುತ್ತಿತ್ತು. ಗಾಜಿನಕ್ಕ ಆ ಗುಂಡಿನ ಕೊಳವೆ ಮುಚ್ಚಿ, ಕೊಕ್ಕೆ ಬಾಗಿಸಿ, ಕಪ್ಪು ಕನ್ನಡಕ ತೆಗೆದಿಟ್ಟು, ತೋಳು ಯಾಕೋ ಸೋತ ಹಾಗಿದೆ ಅಂದಳು. ಕುಲುಮೆಯಣ್ಣ ಕೊಳವೆಯನ್ನು ಕುಲುಮೆಯಲ್ಲಿಟ್ಟ. ಇಬ್ಬರೂ ಮನೆಗೆ ಹೋದರು. ಎರಡು ದಿನ ಕಳೆದು, ಒಣಗಿದ ಬಟ್ಟೆ ಮಡಚುತ್ತ ಕುರ್ಚಿಯಲ್ಲಿ ಕೂತವಳು ಅವನ ಅಂಗಿಯೊಂದನ್ನು ಅರ್ಧ ಮಡಚಿ ಹಾಗೇ ಒರಗಿದಳು. ಆಸ್ಪತ್ರೆಯವರು ಎದೆಬಡಿತ ನಿಂತು ಆಗಲೇ ಹೊತ್ತಾಗಿದೆ ಅಂದರು. ಅವನು ನಂಬಲಿಲ್ಲ. ಬಟ್ಟೆ ಇನ್ನೂ ಬಿಸಿಲಿನ ಬಿಸಿಯಲ್ಲೇ ಇತ್ತು ಎಂದು ವೈದ್ಯರ ಜೊತೆ ವಾದಕ್ಕೆ ನಿಂತ.

ಮಗಳು ಬಂದಳು. ಆಗಬೇಕಾದ್ದೆಲ್ಲ ಆಯಿತು. ಬಂದವರು ಹೋದ ಮೇಲೆ ಮಗಳು ಮನೆಯ ಕಪಾಟುಗಳನ್ನು ಒಂದೊಂದಾಗಿ ತೆಗೆದು ನೋಡತೊಡಗಿದಳು. ಸೀರೆ ಇತ್ತು, ಬಾಚಣಿಗೆ ಇತ್ತು, ಚಪ್ಪಲಿ ಇತ್ತು. ಅವೆಲ್ಲ ಅಂಗಡಿಯಿಂದ ತಂದವು.

“ಅಪ್ಪ, ಅಮ್ಮ ತನ್ನ ಕೈಯಾರೆ ಮಾಡಿದ್ದು ಏನಾದ್ರೂ ಇದೆಯಾ? ಏನಾದ್ರೂ ಸರಿ.”

ಅವನು ಯೋಚಿಸಿದ. ಜೀವಮಾನವಿಡೀ ಅವಳು ಮಾಡಿದ್ದು ಎಷ್ಟು ಕೊಳವೆಯೋ ಲೆಕ್ಕವಿಲ್ಲ, ಒಂದನ್ನೂ ಅವನು ಉಳಿಸಿರಲಿಲ್ಲ. ಹಾರಿಹೋಗುವ ಲೋಹಕ್ಕೆ ಒಂದು ಚಿಟಿಕೆ ಹೆಚ್ಚಿಗೆ ಹಾಕಬೇಕೆಂದು ಗೊತ್ತಿದ್ದವನಿಗೆ ಮನೆಯಲ್ಲಿ ಆ ಬುದ್ಧಿ ಹೊಳೆದಿರಲಿಲ್ಲ. ಇಲ್ಲ ಮಗಳೇ ಅಂದವನಿಗೆ ಅದೇ ಉಸಿರಿನಲ್ಲಿ ನೆನಪಾಯಿತು. ಕುಲುಮೆ ಇನ್ನೂ ಉರಿಯುತ್ತಿತ್ತು. ಅದರೊಳಗೆ ಒಂದು ಇತ್ತು.

ಮರುದಿನ ಮಧ್ಯಾಹ್ನ ಅವನು ಕೆಲಸಕ್ಕೆ ಹೋದ. ಇಷ್ಟು ಬೇಗ ಯಾಕೆ ಬಂದಿರಿ ಎಂದವರನ್ನು ದಾಟಿ ನೇರ ಕುಲುಮೆಯ ಕೋಣೆಗೆ ನಡೆದ. ಹುಡುಗಿ ಕೊಳವೆ ತೆಗೆಯುವ ಹೊತ್ತಾಯಿತೆಂದು ಹೇಳಲೂ ಸಂಕೋಚಪಟ್ಟು ದೂರವೇ ಉಳಿದಿದ್ದಳು. ಕುಲುಮೆಯ ಬಾಗಿಲು ತೆರೆದು ನೋಡಿದ. ಕೆಂಪು ಕಾವಿನ ನಡುವೆ ಕೊಳವೆ ಮಲಗಿತ್ತು, ಕೊಕ್ಕೆ ಅವನ ಕಡೆಗೆ ತಿರುಗಿತ್ತು. ಸರಳು ಕೈಯಲ್ಲಿತ್ತು, ಮಂಜುಗಡ್ಡೆಯ ಬಕೆಟ್ಟು ಕಾಲ ಬಳಿ ಇತ್ತು, ಸುತ್ತಿಗೆ ಜಾಗದಲ್ಲೇ ಇತ್ತು. ಅವನಿಗೆ ಆಗಲಿಲ್ಲ. ಬಾಗಿಲು ಮುಚ್ಚಿ, ಸ್ವಿಚ್ಚು ಆರಿಸಿ, ಬಕೆಟ್ಟಿನ ನೀರು ಚೆಲ್ಲಿ ಮನೆಗೆ ಬಂದುಬಿಟ್ಟ. ಹೀಗೆ ಮಾಡಿದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಗೊತ್ತಿದ್ದೇ ಮಾಡಿದ. ಕುಲುಮೆ ತನ್ನ ಪಾಡಿಗೆ ತಾನು ಇಡೀ ದಿನ ತೆಗೆದುಕೊಂಡು ತಣ್ಣಗಾಯಿತು.

ತಣಿದ ಕೊಳವೆಯನ್ನು ಅವನು ಅಂಗಿಯ ಜೇಬಿನಲ್ಲಿಟ್ಟು ಮನೆಗೆ ತಂದ. ಮ್ಯಾಂಗನೀಸಿನ ಆವಿಗೆ ಒಳಗೋಡೆ ಒಂದಿಷ್ಟು ಕಂದಾಗಿತ್ತು. ಮಗಳು ಎರಡೂ ಅಂಗೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು. ಅಲುಗಿಸಿದರೆ ಗುಂಡು ಒಳಗೆ ಕಿಣಿಕಿಣಿ ಎಂದಿತು. ಕೊಕ್ಕೆಯ ಬಾಗನ್ನು ಬೆರಳಿನಿಂದ ಸವರಿ, ಅಮ್ಮ ಇಷ್ಟು ಚಂದ ಕೆಲಸ ಮಾಡ್ತಿದ್ಲಾ ಎಂದು ಅತ್ತಳು. ಅಷ್ಟು ವರ್ಷದಲ್ಲಿ ಅವಳು ಅದನ್ನು ನೋಡಿದ್ದು ಅದೇ ಮೊದಲು. ಇದನ್ನು ಒಡೆಯಬೇಡಿ ಅಂದಳು. ಯಾಕೆ ಒಡೀಲಿ ಎಂದು ಅವನೂ ಅಂದ.

ಆದರೆ ಹುಡುಗಿಗೆ ಮುಖ ತೋರಿಸಬೇಕಿತ್ತಲ್ಲ. ಮರುದಿನ ಬೆಳಿಗ್ಗೆ ಅವಳು ಕುಲುಮೆಯ ಕೋಣೆಗೆ ಬಂದಾಗ ಅವನು ಜೇಬಿನಿಂದ ಕೊಳವೆ ತೆಗೆದು ಮೇಜಿನ ಮೇಲಿಟ್ಟ. ಇಡಿಯಾಗಿದ್ದ ಕೊಳವೆ ನೋಡಿದೊಡನೆ ಅವಳಿಗೆ ಎಲ್ಲ ಅರ್ಥವಾಯಿತು. ಆದರೂ ದಾರದ ಅಯಸ್ಕಾಂತವನ್ನು ಕೊಳವೆಯ ಹತ್ತಿರ ತಂದಳು. ಬೇರೆ ಗುಂಡುಗಳಾಗಿದ್ದರೆ ಗಾಜಿನೊಳಗಿಂದಲೇ ಹಾರಿ ಬರುತ್ತಿದ್ದವು. ಇದು ಅರೆಮನಸ್ಸಿನಿಂದ ಒಂದು ಸಲ ಹೊರಳಿ ಸುಮ್ಮನಾಯಿತು. ಹುಡುಗಿ ಅಯಸ್ಕಾಂತ ಜೇಬಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿ ನಿಂತಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬೇರೆ ಗುಂಡು ಕರಗಿಸುತ್ತೇನೆ ಎಂದು ಅವನೇ ಬಾಯಿ ಬಿಟ್ಟ. ಹೇಳಿದ ಮೇಲೆ ತಾನೇ ಗೋಡೆಯ ಕಡೆ ನೋಡಿದ. ಗುಂಡು ಕರಗಿಸಬಹುದು, ಕೊಳವೆ ಮುಚ್ಚುವವರು ಯಾರು? ಆ ಕೋಣೆಗೆ ಹೊಸಬರು ಬರುವುದು ಯಾವ ಕಾಲಕ್ಕೋ. ಹುಡುಗಿಗೂ ಅದು ಗೊತ್ತಿತ್ತು. ಇದೇ ಕೊಳವೆಯನ್ನು ಮತ್ತೆ ಕಾಯಿಸಿದರೆ ಒಳಗಿನವರೆಲ್ಲ ಎದ್ದು ತಂತಮ್ಮ ಜಾಗಕ್ಕೆ ವಾಪಸ್ ಬರುತ್ತಾರೆ, ಆಮೇಲೆ ತಟ್ಟನೆ ತಣಿಸಬೇಕು ಅಷ್ಟೇ ಎಂಬುದೂ ಇಬ್ಬರಿಗೂ ಗೊತ್ತಿತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

“ಇಟ್ಕೊಳ್ಳಿ ಅಣ್ಣ. ನಂದು ಹೇಗೋ ಆಗತ್ತೆ” ಅಂದಳು. ಹೇಗೂ ಆಗುವುದಿಲ್ಲ ಎಂಬುದು ಅವಳ ದನಿಯಲ್ಲೇ ಇತ್ತು.

ಆ ಸಂಜೆ ಕೊಳವೆ ಮನೆಯ ಮೇಜಿನ ಮೇಲಿತ್ತು. ಎದುರಿಗೆ ಅವನು ಕೂತ. ಸ್ಟೀಲಿನ ಲೋಟಗಳ ನಡುವೆ ಅದೊಂದೇ ಗಾಜು. ಅವನು ಅದನ್ನು ಮುಟ್ಟಿದ, ತಿರುಗಿಸಿದ, ಮತ್ತೆ ಅಲ್ಲೇ ಇಟ್ಟ. ಅದರೊಳಗೆ ಇದ್ದದ್ದು ಕೆಟ್ಟುಹೋದ ಒಂದು ಗುಂಡು, ಉಳಿದ ಜಾಗದಲ್ಲಿ ಅವಳು ಮುಚ್ಚಿಟ್ಟ ಏನೂ ಇಲ್ಲದ್ದು. ಕೆಲಸ ಕೆಡಿಸಿದವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ತೋಳು ಸೋಲುತ್ತಿದ್ದರೂ ಕೊಕ್ಕೆ ಬಾಗಿಸುವುದನ್ನು ಬಿಟ್ಟಿರಲಿಲ್ಲ. ಆ ಕೊಕ್ಕೆ ಇದ್ದದ್ದು ಅವನು ಎಳೆಯಲಿ ಎಂದು. ಹುಬ್ಬು ಸುಡದಂತೆ ಎಳೆದು, ಒಡೆಯಲಿ ಎಂದು. ಅವಳು ಕೊನೆಗೆ ಮಾಡಿದ ಕೆಲಸವನ್ನು ಕೆಡಿಸಿ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೇನೆ ಎನ್ನಿಸಿ ಅವನಿಗೆ ನಾಚಿಕೆಯೂ ದುಃಖವೂ ಒಟ್ಟಿಗೆ ಉಕ್ಕಿಬಂದವು. ಅವತ್ತು ಅವನು ಜೋರಾಗಿ ಅತ್ತ.

ಮಗಳು ಬಂದು ಪಕ್ಕದಲ್ಲಿ ಕೂತಳು.

“ಇದನ್ನ ಅವಳು ಇಟ್ಕೊಳ್ಳೋಕೆ ಮಾಡಿದ್ದಲ್ಲ ಮಗಳೇ” ಅಂದ.

ಮಗಳು ಕೊಳವೆಯನ್ನು ಎತ್ತಿ, ಕೊಕ್ಕೆಯನ್ನು ಒಂದು ಸಲ ಕೆನ್ನೆಗೆ ಒತ್ತಿಕೊಂಡು, ಅವನ ಕೈಗೆ ಕೊಟ್ಟಳು.

ಕುಲುಮೆ ಮತ್ತೆ ಉರಿಯಿತು. ವಾರವಿಡೀ ಕಾಯಿಸಲು ವ್ಯವಧಾನವಿರಲಿಲ್ಲ, ಯಂತ್ರದ ಸರದಿಗೆ ಮುಂಚೆ ಸಿಕ್ಕಷ್ಟು ದಿನ ಕಾಯಿಸಿದರು. ಕೊಳವೆ ತೆಗೆಯುವ ಬೆಳಿಗ್ಗೆ ಹುಡುಗಿ ಮಂಜುಗಡ್ಡೆ ತಂದು ಬಕೆಟ್ಟಿಗೆ ಸುರಿದಳು. ಅವನು ಸುತ್ತಿಗೆ ಎತ್ತಿ ಮತ್ತೆ ಕೆಳಗಿಡುವುದನ್ನು ನೋಡಿ, ಸರಳು ನೀವು ಹಿಡಿಯಿರಿ, ಸುತ್ತಿಗೆ ನನಗೆ ಕೊಡಿ ಎಂದು ಕೇಳಿದಳು.

“ಬೇಡಮ್ಮ. ಇಷ್ಟು ವರ್ಷ ಅವಳದ್ದನ್ನೆಲ್ಲ ಒಡೆದಿರೋದು ನಾನೇ. ಇದೊಂದಕ್ಕೆ ಬೇರೆಯವರ ಕೈ ಬೇಡ.”

ಬಾಗಿಲು ತೆರೆದ. ಬಿಸಿ ಮುಖಕ್ಕೆ ಹೊಡೆಯಿತು. ದೂರ ನಿಂತೇ ಸರಳು ಚಾಚಿದ, ಕೊಕ್ಕೆ ಸಿಕ್ಕಿತು. ಎಂದಿನಂತೆ ಮೊದಲ ಸಲಕ್ಕೇ ಸಿಕ್ಕಿತು. ಕೆಂಡದಂಥ ಕೊಳವೆ ಗಾಳಿಯಲ್ಲಿ ತೂಗಿ ಬಂದು ನೀರಿಗೆ ಇಳಿಯಿತು, ಬಕೆಟ್ಟು ಬುಸ್ಸೆಂದಿತು. ಯೋಚಿಸಲು ಅಲ್ಲಿ ಹೊತ್ತಿರಲಿಲ್ಲ, ಹೊತ್ತಿಲ್ಲದಿದ್ದುದೇ ಒಳ್ಳೆಯದಾಯಿತು. ಅಭ್ಯಾಸವಾದ ಕೈ ತಾನೇ ಎದ್ದು ತಾನೇ ಹೊಡೆಯಿತು. ಟಪ್ ಎಂದಿತು. ಅವಳು ಮುಚ್ಚಿಟ್ಟಿದ್ದ ಖಾಲಿಯೊಳಗೆ ನೀರು ನುಗ್ಗಿ ಒಂದು ಗುಳ್ಳೆಯನ್ನೂ ಏಳಿಸಲಿಲ್ಲ.

ಹುಡುಗಿ ದಾರ ಹಿಡಿದು ಅಯಸ್ಕಾಂತವನ್ನು ನೀರಿಗೆ ಇಳಿಬಿಟ್ಟಳು. ಗಾಜಿನ ಚೂರುಗಳು ಅಲ್ಲೇ ಉಳಿದವು. ಗುಂಡು ಎಲ್ಲಿತ್ತೋ, ಅಡಿಯಿಂದ ಎದ್ದು ಬಂದು ಟಕ್ಕನೆ ಅಂಟಿಕೊಂಡಿತು. ಎಳೆದರೂ ಬಿಡಲಿಲ್ಲ.

“ಅಂಟ್ತು ಅಣ್ಣ” ಅಂದಳು. ಆಮೇಲೆ ಗುಂಡನ್ನು ಎದೆಗೆ ಹಿಡಿದುಕೊಂಡು ಬಿಕ್ಕಿದಳು. ಯಂತ್ರದ ಕೋಣೆಗೆ ಹೋಗುವ ಹೊತ್ತಾಗಿತ್ತು. ಅವನ ಭುಜ ಮುಟ್ಟಿ ಓಡಿದಳು.

ಕುಲುಮೆಯಣ್ಣ ಒಬ್ಬನೇ ನಿಂತ. ಸುತ್ತಿಗೆ ಇನ್ನೂ ಕೈಯಲ್ಲಿತ್ತು. ಒಡೆದ ಮೇಲೆ ಒಂದು ಗಳಿಗೆ ಹೀಗೆ ಗೋಡೆಯ ಕಡೆ ಕಿವಿ ಕೊಟ್ಟು ನಿಲ್ಲುವುದು ರೂಢಿ, ಹಾಗೇ ನಿಂತ. ಆ ಕಡೆ ಪಂಪು ನಿಂತಿತ್ತು, ಉರಿಯ ಸುಯ್ ಸದ್ದು ಇರಲಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಸುತ್ತಿಗೆ ಕೆಳಗಿಟ್ಟು, ಅಂಗಿಯ ತೋಳು ಮೇಲಕ್ಕೆ ಮಡಚಿ, ತಣ್ಣನೆಯ ನೀರಿಗೆ ಕೈ ಹಾಕಿದ. ಕೊಕ್ಕೆ ಎಲ್ಲಿದೆಯೆಂದು ಕಣ್ಣಿಗೆ ಕಾಣದ ಚೂರುಗಳ ನಡುವೆ ಮೆಲ್ಲಗೆ ಹುಡುಕತೊಡಗಿದ. ನೀರು ಕೆಂಪಾಗುತ್ತ ಬಂತು. ಯಾರೂ ಬೈಯಲಿಲ್ಲ.